ಹಿಂದಿನ ಸೀಟಿನ ಶ್ರೀಕಂಠ

ಶ್ರೀಕಂಠನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಅದೇನು ಮಹಾಪರಾಧವಲ್ಲ. ಈಜು ಬರದವರಿದ್ದಾರೆ, ಹಾಡು ಬರದವರಿದ್ದಾರೆ, ಬರದಿದ್ದರೂ ಬಿಡದೆ ಹಾಡುವವರಿದ್ದಾರೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಗಣೇಶನ ಹಬ್ಬಕ್ಕೆ ಒಮ್ಮೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪರಾಧ ಯಾವುದೆಂದರೆ, ಬರುತ್ತದೆ ಎಂದು ಅವನು ಹೇಳಿಬಿಟ್ಟಿದ್ದ. ಅದೂ ಹೆಂಡತಿಗೆ. ಅದೂ ಹೆಣ್ಣು ನೋಡಲು ಹೋದ ದಿನ, ಉಪ್ಪಿಟ್ಟಿನ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು.

ಮೈಸೂರಿನ ಚಾಮುಂಡಿಪುರದ ಆ ಹಜಾರದಲ್ಲಿ ಹಿರಿಯರೆಲ್ಲ ಜಾತಕ, ಗೋತ್ರ, ಬಿಸಿಲು ಎಲ್ಲ ಮಾತಾಡಿ ಮುಗಿಸಿ, “ಹುಡುಗ ಹುಡುಗಿ ಏನಾದ್ರೂ ಕೇಳೋದಿದ್ರೆ ಕೇಳ್ಕೊಳ್ಳಲಿ” ಎಂದಾಗ, ಜಲಜಾ ಸಂಬಳ ಕೇಳಲಿಲ್ಲ, ಅಮೆರಿಕಾ ಕೇಳಲಿಲ್ಲ. “ನಿಮಗೆ ಸೈಕಲ್ ಹೊಡೆಯಕ್ಕೆ ಬರತ್ತಾ?” ಎಂದಳು. ಅವಳು ಆಗ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಳು. ದಿನಾ ಲೇಡೀಸ್ ಸೈಕಲ್ ತುಳಿದುಕೊಂಡು ಕುಕ್ಕರಹಳ್ಳಿ ಕೆರೆ ದಾಟಿ ಮಾನಸಗಂಗೋತ್ರಿಗೆ ಹೋಗಿಬರುವ ಹುಡುಗಿ. ಅಂಥವಳ ಎದುರು ಇಲ್ಲ ಎನ್ನಲು ಯಾವ ಗಂಡಸಿಗೆ ಬಾಯಿ ಬರುತ್ತದೆ? “ಬರದೆ ಏನು, ದಿನಾ ಸೈಕಲ್ ಹೊಡೀತೀನಲ್ಲ” ಎಂದು ಶ್ರೀಕಂಠ ಹೇಳಿದ. ಜಲಜಾ ತಲೆ ತಗ್ಗಿಸಿ ನಕ್ಕಳು. ನಾಚಿಕೆ ಎಂದುಕೊಂಡು ಅವನು ಉಪ್ಪಿಟ್ಟು ತಿಂದ.

ನಿಜ ಏನೆಂದರೆ, ಎಳೆಯವನಿದ್ದಾಗ ಬಾಡಿಗೆ ಸೈಕಲ್ ಹತ್ತಿ ಚರಂಡಿಗೆ ಬಿದ್ದವನು ಮತ್ತೆ ಅದರ ಸಹವಾಸಕ್ಕೆ ಹೋಗಿರಲಿಲ್ಲ. ಹೋಗುವ ಅಗತ್ಯವೂ ಬೀಳಲಿಲ್ಲ. ಪಕ್ಕದ ಮನೆಯಲ್ಲಿ ಪುಟ್ಟಸ್ವಾಮಿ ಇದ್ದ, ಪುಟ್ಟಸ್ವಾಮಿಯ ಹತ್ತಿರ ಸೈಕಲ್ ಇತ್ತು, ಸೈಕಲ್ಲಿಗೆ ಕ್ಯಾರಿಯರ್ ಇತ್ತು. ಹೈಸ್ಕೂಲಿನಿಂದ ಹಿಡಿದು ಇಂಜಿನಿಯರಿಂಗ್ ಮುಗಿಯುವ ತನಕ ಪುಟ್ಟಸ್ವಾಮಿ ತುಳಿದ, ಶ್ರೀಕಂಠ ಕೂತ. ಅದರ ಬದಲಿಗೆ ಪುಟ್ಟಸ್ವಾಮಿಯ ಲ್ಯಾಬ್ ರೆಕಾರ್ಡುಗಳನ್ನೆಲ್ಲ ಅವನೇ ಬರೆದುಕೊಟ್ಟ. ಹೆಣ್ಣು ನೋಡುವ ದಿನವೂ ಅಪ್ಪ, ಅಮ್ಮ, ಸೋದರಮಾವ ಟಾಂಗಾದಲ್ಲಿ ಹೋದರೆ, ಇವನು ಸಿಲ್ಕ್ ಜುಬ್ಬ ತೊಟ್ಟುಕೊಂಡು ಪುಟ್ಟಸ್ವಾಮಿಯ ಹಿಂದೆ ಕೂತೇ ಬಂದಿದ್ದ. ಭಾವೀ ಅತ್ತೆ ಮಾವನ ಕಣ್ಣಿಗೆ ಬೀಳಬಾರದೆಂದು ಬೀದಿ ಮೂಲೆಯಲ್ಲೇ ಇಳಿದು, ಕ್ರಾಪು ಸರಿಮಾಡಿಕೊಂಡು ನಡೆದು ಬಂದಿದ್ದ.

ಕ್ಯಾರಿಯರಿನಲ್ಲಿ ಕೂರುವುದನ್ನು ಹಗುರವಾಗಿ ತಿಳಿಯಬೇಡಿ. ತಿರುವಿನಲ್ಲಿ ಎಷ್ಟು ವಾಲಬೇಕು, ಏರಿನಲ್ಲಿ ಮೈಯನ್ನು ಹೇಗೆ ಹಗುರ ಮಾಡಿಕೊಳ್ಳಬೇಕು, ಇವೆಲ್ಲ ಕೂತು ಕೂತು ಬರುವಂಥವು. ಎಲ್ಲಕ್ಕಿಂತ ಮುಖ್ಯವಾದದ್ದು ಇಳಿಯುವುದು. ಆಗ ಸೈಕಲ್ಲಿನಲ್ಲಿ ಇಬ್ಬರು ಹೋದರೆ ಪೊಲೀಸರು ಹಿಡಿಯುತ್ತಿದ್ದರು. ಬಲ್ಲಾಳ್ ಸರ್ಕಲ್ಲಿನ ಹತ್ತಿರ ಖಾಕಿ ಟೋಪಿ ಕಂಡದ್ದೇ ತಡ, ಪುಟ್ಟಸ್ವಾಮಿ ಬಾಯಿ ತೆರೆಯುವ ಮೊದಲೇ ಶ್ರೀಕಂಠ ಓಡುವ ಸೈಕಲ್ಲಿನಿಂದ ಹಿಂದಕ್ಕೆ ಹಾರಿ, ಎರಡು ಹೆಜ್ಜೆ ಓಡಿ, ಪ್ಯಾಂಟಿನ ಜೇಬಿಗೆ ಕೈ ಹಾಕಿ, ಆ ಸೈಕಲ್ಲಿಗೂ ತನಗೂ ಯಾವ ಜನ್ಮದ ಸಂಬಂಧವೂ ಇಲ್ಲವೆಂಬಂತೆ ನಡೆದುಹೋಗುತ್ತಿದ್ದ. ಕೆಲವು ಸಲ ಪೊಲೀಸಿನವನನ್ನೇ ನಿಲ್ಲಿಸಿ, “ಟೈಮ್ ಎಷ್ಟು ಸಾರ್?” ಎಂದು ಕೇಳಿದ್ದೂ ಉಂಟು. ಸರ್ಕಲ್ ದಾಟಿದ ಮೇಲೆ ಓಡಿ ಹೋಗಿ ಮತ್ತೆ ಹತ್ತುವನು.

ಮದುವೆಯಾಯಿತು, ಅಮೆರಿಕಾಕ್ಕೆ ಬಂದರು, ಮಗಳು ವಸುಧಾ ಹುಟ್ಟಿ ಶಾಲೆಗೂ ಹೋದಳು. ಮೆನ್ಲೋ ಪಾರ್ಕಿನ ಆಫೀಸಿಗೆ ಶ್ರೀಕಂಠ ಕಾರಿನಲ್ಲಿ ಹೋಗುತ್ತಿದ್ದ. ಸೈಕಲ್ಲಿನ ಸುಳ್ಳು ತನ್ನ ಪಾಡಿಗೆ ತಾನು ತಣ್ಣಗೆ ಮಲಗಿತ್ತು. ಅದನ್ನು ಎಬ್ಬಿಸಿದ್ದು ಎಂಬತ್ತೈದನೇ ಇಸವಿಯ ಆಫೀಸ್ ಪಿಕ್ನಿಕ್ಕು.

ಅಲ್ಲಿ ಅವನ ಸಹೋದ್ಯೋಗಿ ವಾಲ್ಟರ್ ಫೋಟೋ ತೋರಿಸುತ್ತಿದ್ದ. ವಾಲ್ಟರ್ ಸೈಕಲ್ ಹುಚ್ಚಿನವನು; ಗಾಳಿ ತಡೆಯುತ್ತದೆಂದು ಕಾಲಿನ ಕೂದಲನ್ನೂ ಬೋಳಿಸಿಕೊಂಡವನು. ಪ್ರತಿ ವರ್ಷ ಆಫೀಸಿನವರ ಒಂದು ಗುಂಪು ಕಟ್ಟಿಕೊಂಡು ಎಲ್ಲಾದರೂ ಸೈಕಲ್ ಪ್ರವಾಸ ಹೊರಡುತ್ತಿದ್ದ. ಈ ಸಲ ಫ್ರಾನ್ಸು. ಫೋಟೋದಲ್ಲಿ ಹಸಿರು ಕಣಿವೆ, ಕಣಿವೆಯಲ್ಲಿ ಬಳುಕಿಕೊಂಡು ಹೋಗುವ ನದಿ, ಮೇಲೆ ಬಂಡೆಗೆ ಅಂಟಿಕೊಂಡ ಕಲ್ಲಿನ ಹಳ್ಳಿ. ಜಲಜಾ ಆಲೂಗೆಡ್ಡೆ ಚಿಪ್ಸಿನ ತಟ್ಟೆ ಕೆಳಗಿಟ್ಟು, ಇದು ದೋರ್ದೋನ್ ನದಿ ಅಲ್ಲವೇ, ಈ ಹಳ್ಳಿಗಳಿಗೆ ಕೋಟೆ ಕಟ್ಟಿಸಿದ್ದು ಇಂಥ ಕಾಲದಲ್ಲಿ, ಇಂಥವರ ಭಯಕ್ಕೆ, ಸಂತೆ ಚೌಕ ಯಾವಾಗಲೂ ನಡುವೆಯೇ ಇರುತ್ತದೆ, ಚರ್ಚಿನ ಗೋಡೆ ಯಾಕೆ ಅಷ್ಟು ದಪ್ಪ ಗೊತ್ತೇ, ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು. ವಾಲ್ಟರ್ ಬಾಯಿ ತೆರೆದು ನಿಂತ. ಅಲ್ಲಿಗೆ ಹೋಗಿದ್ದೀರಾ ಎಂದು ಕೇಳಿದ.

“ಇಲ್ಲ,” ಎಂದಳು ಜಲಜಾ, “ಪರೀಕ್ಷೆಗೆ ಓದಿದ್ದೆ.”

ಶ್ರೀಕಂಠ ಹೆಂಡತಿಯ ಮುಖ ನೋಡಿದ. ಡೇಕೇರಿನಲ್ಲಿ ಇಡೀ ದಿನ ಬೇರೆಯವರ ಮಕ್ಕಳ ಮೂಗು ಒರೆಸಿ ಮನೆಗೆ ಬರುವ ಜಲಜಾಳ ಮುಖ ಅದಾಗಿರಲಿಲ್ಲ. ನೀವು ಬರಲೇಬೇಕು ಎಂದು ವಾಲ್ಟರ್ ಒತ್ತಾಯ ಮಾಡಿದ. ಜಲಜಾ ಗಂಡನ ಕಡೆ ತಿರುಗಿ, “ಇವರು ಮೈಸೂರಲ್ಲಿ ದಿನಾ ಸೈಕಲ್ ಹೊಡೀತಿದ್ರು” ಎಂದು ವಾಲ್ಟರನಿಗೂ ಅರ್ಥವಾಗುವಂತೆ ಇಂಗ್ಲಿಷಿನಲ್ಲೇ ಹೇಳಿದಳು. ಹೌದೇ ಎಂದು ವಾಲ್ಟರ್ ಕೇಳಿದ. ಆಗಲಾದರೂ ಶ್ರೀಕಂಠ ಬಾಯಿಗೆ ಬೀಗ ಹಾಕಿಕೊಳ್ಳಬಹುದಿತ್ತು. “ಹೌದು. ಚಾಮುಂಡಿ ಬೆಟ್ಟಕ್ಕೂ ಹೋಗ್ತಿದ್ದೆ” ಎಂದ. ಬೆಟ್ಟವನ್ನು ಯಾರೂ ಕೇಳಿರಲಿಲ್ಲ. ಅದನ್ನು ಅವನೇ ಧಾರಾಳವಾಗಿ ಸೇರಿಸಿದ್ದು.

ವಾಲ್ಟರನ ಗುಂಪಿಗೆ ಎರಡು ಕಟ್ಟಳೆಗಳಿದ್ದವು. ಆಫೀಸಿನ ನೌಕರ ಸೈಕಲ್ ತುಳಿದರೆ ಮಾತ್ರ ಅವನ ಮನೆಯವರಿಗೂ ಜಾಗ. ಇನ್ನೊಂದು, ಹೊರಡುವ ಮೊದಲು ಎಲ್ಲರೂ ಪೋರ್ಟೋಲಾ ವ್ಯಾಲಿಯಿಂದ ಬೆಟ್ಟದ ನೆತ್ತಿಯ ಸ್ಕೈಲೈನ್ ರಸ್ತೆಯವರೆಗೆ ಒಮ್ಮೆಯೂ ಕೆಳಗಿಳಿಯದೆ ಹತ್ತಿ ತೋರಿಸಬೇಕು. ಫ್ರಾನ್ಸಿನ ಆ ಹಳ್ಳಿಗಳೆಲ್ಲ ಗುಡ್ಡದ ತುದಿಯಲ್ಲೇ ಕೂತಿವೆ, ಹಿಂದೆ ವ್ಯಾನು ಗೀನು ಬರುವುದಿಲ್ಲ, ನಡುದಾರಿಯಲ್ಲಿ ಇಳಿಯುವವರನ್ನು ಕಾಯಲು ಆಗುವುದಿಲ್ಲ ಎಂದು ವಾಲ್ಟರ್ ಕಡ್ಡಿ ಮುರಿದಂತೆ ಹೇಳಿದ್ದ. ಅಂದರೆ ಶ್ರೀಕಂಠ ಹತ್ತದಿದ್ದರೆ ಜಲಜಾ ಫ್ರಾನ್ಸ್ ಕಾಣುವಂತಿಲ್ಲ. ಅಷ್ಟೇ ಲೆಕ್ಕ.

ಮಾರನೆಯ ದಿನವೇ ಅವನು ಬೆರ್ರಿಯೆಸಾಕ್ಕೆ ಓಡಿದ. ಅಲ್ಲಿ ಅವನ ಸ್ನೇಹಿತ, ಮಂಗಳೂರಿನ ಜಯರಾಜ್ ಇದ್ದ, ಹಲ್ಲಿನ ಡಾಕ್ಟರು. ಎಲ್ಲವನ್ನೂ ಕೇಳಿ ಜಯರಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ.

“ಎಂತ ಮಾರಾಯ ನೀನು! ಬರುವುದಿಲ್ಲ ಅಂತ ಹೆಂಡತಿ ಹತ್ರ ಹೇಳಿದ್ರೆ ಎಂತ ತಲೆ ಹೋಗ್ತದಾ?”

“ಈಗ ಹೇಳಿದ್ರೆ ಹೋಗತ್ತೆ. ಆಗ್ಲೇ ಹೇಳ್ಬೇಕಿತ್ತು.”

“ಹಾಗಾದ್ರೆ ಕಲಿ. ನಾನು ಕಲಿಸ್ತೇನೆ. ಹಲ್ಲು ಮುರಿದ್ರೆ ಅದನ್ನೂ ನಾನೇ ನೋಡಿಕೊಳ್ತೇನೆ.”

ಹಳೆ ಸಾಮಾನಿನ ಸಂತೆಯಾದ ಅಲ್ಲಿನ ಫ್ಲೀ ಮಾರ್ಕೆಟ್ಟಿನಲ್ಲಿ ಒಂದು ಸೈಕಲ್ ಕೊಂಡದ್ದಾಯಿತು. ವಾರದ ದಿನಗಳಲ್ಲಿ ಆ ಮಾರ್ಕೆಟ್ಟಿನ ಪಾರ್ಕಿಂಗ್ ಬಯಲು ಖಾಲಿ ಹೊಡೆಯುತ್ತಿತ್ತು. ಸಂಜೆಯಾದರೆ ನಲವತ್ತು ದಾಟಿದ ಇಬ್ಬರು ಗಂಡಸರು, ಒಬ್ಬ ಸೈಕಲ್ಲಿನ ಮೇಲೆ ಅಯ್ಯೋ ಅಪ್ಪಾ ಎನ್ನುತ್ತ, ಇನ್ನೊಬ್ಬ ಸೀಟು ಹಿಡಿದು ಹಿಂದೆ ಏದುಸಿರು ಬಿಡುತ್ತ ಓಡುವುದನ್ನು ಬೆರ್ರಿಯೆಸಾದ ಜನ ಕಾರು ನಿಧಾನ ಮಾಡಿ ನೋಡಿದರು. ತೊಂದರೆ ಏನೆಂದರೆ ಶ್ರೀಕಂಠನ ಮೈ ಒಳ್ಳೆಯ ವಿದ್ಯೆಯನ್ನೇ ಕಲಿತಿತ್ತು, ಆದರೆ ಅದು ಹಿಂದಿನ ಸೀಟಿನ ವಿದ್ಯೆ. ಸೈಕಲ್ ಸ್ವಲ್ಪ ಓಲಾಡಿದರೂ ಸಾಕು, ಹ್ಯಾಂಡಲ್ ತಿರುಗಿಸುವ ಬದಲು ಅವನು ಹಿಂದಕ್ಕೆ ಹಾರಿಬಿಡುತ್ತಿದ್ದ. ಜಯರಾಜನ ಕಾಲಿನ ಮೇಲೆಯೇ ಹಾರುತ್ತಿದ್ದ.

ಆಫೀಸಿನಲ್ಲಿ ಮೀಟಿಂಗು ಎಂದು ಮನೆಯಲ್ಲಿ ಹೇಳುತ್ತಿದ್ದ. ಮೊಣಕಾಲು ತರಚಿಕೊಂಡು, ಪ್ಯಾಂಟಿಗೆ ಚೈನಿನ ಎಣ್ಣೆ ಮೆತ್ತಿಕೊಂಡು ಬಂದವನನ್ನು ನೋಡಿ ಜಲಜಾ, “ಮೀಟಿಂಗು ಜೋರಾಗಿತ್ತಾ?” ಎಂದಷ್ಟೇ ಕೇಳಿ ಡೆಟಾಲ್ ತಂದಿಡುತ್ತಿದ್ದಳು. ಕೊನೆಗೂ ಶ್ರೀಕಂಠ ಒಂದು ಹದಕ್ಕೆ ಬಂದ. ಯಾರಾದರೂ ಹತ್ತಿಸಿ ತಳ್ಳಿದರೆ ನೇರವಾಗಿ ಹೋಗುತ್ತಿದ್ದ. ತಿರುಗಲು ಬರುತ್ತಿರಲಿಲ್ಲ, ನಿಲ್ಲಲು ಎದುರಿಗೆ ಏನಾದರೂ ಬೇಕಾಗುತ್ತಿತ್ತು.

ಅಷ್ಟರಲ್ಲಿ ಪ್ರವಾಸಕ್ಕೆಂದು ಎರಡು ಹೊಸ ಸೈಕಲ್ಲುಗಳು ಮನೆಗೆ ಬಂದವು. ಹೊಸ ವಾಹನ ಅಂದ ಮೇಲೆ ಪೂಜೆ ಆಗಬೇಕಲ್ಲ. ಪೂಜೆ ಅಂದ ಮೇಲೆ ಶೇಷಗಿರಿ ಬರಬೇಕು. ಶೇಷಗಿರಿ ವೃತ್ತಿಯಲ್ಲಿ ಇಂಜಿನಿಯರು, ಆದರೆ ಸುತ್ತಮುತ್ತಲಿನ ಕನ್ನಡಿಗರ ಅರ್ಧಕ್ಕರ್ಧ ಕಾರುಗಳಿಗೆ ಆರತಿ ಎತ್ತಿದ ಕೈ ಅವನದು. ಬ್ರೀಫ್‌ಕೇಸಿನಲ್ಲಿ ಪಂಚಪಾತ್ರೆ, ಗಂಟೆ, ಕರ್ಪೂರ ಇಟ್ಟುಕೊಂಡೇ ಓಡಾಡುವನು. ಭಾನುವಾರ ಬೆಳಗ್ಗೆ ಅಪಾರ್ಟ್‌ಮೆಂಟಿನ ಮುಂದೆ ಜಲಜಾ ರಂಗೋಲಿ ಹಾಕಿದಳು. ಸೈಕಲ್ಲುಗಳಿಗೆ ಅರಿಶಿನ ಕುಂಕುಮ ಹಚ್ಚಿ ಹೂವು ಮುಡಿಸಿದರು. ಶೇಷಗಿರಿ ತನ್ನ ಹಿತ್ತಲ ಗಿಡದಲ್ಲಿ ಬಿಟ್ಟ ನಿಂಬೆಹಣ್ಣುಗಳನ್ನು ಹೆಮ್ಮೆಯಿಂದ ತೆಗೆದು ಚಕ್ರದ ಮುಂದೆ ಇಟ್ಟ. ಕ್ಯಾಲಿಫೋರ್ನಿಯಾದ ನಿಂಬೆಹಣ್ಣು, ಒಂದೊಂದೂ ಮೂಸಂಬಿ ಗಾತ್ರ. ಟೊಯೋಟಾ ಕಾರಿಗೆ ಅದು ಯಾವ ಲೆಕ್ಕ? ಬೆರಳಿನಷ್ಟು ದಪ್ಪದ ಸೈಕಲ್ ಟಯರಿಗೆ ಅದು ಬೇರೆ ಮಾತು ಎಂದು ಅಲ್ಲಿದ್ದ ಅಷ್ಟೊಂದು ಇಂಜಿನಿಯರುಗಳಲ್ಲಿ ಯಾರಿಗೂ ಹೊಳೆಯಲಿಲ್ಲ.

ಜಲಜಾ ಸೆರಗು ಸಿಕ್ಕಿಸಿಕೊಂಡು ಹತ್ತಿ, ಹಣ್ಣನ್ನು ಒಂದು ಪಕ್ಕಕ್ಕೆ ಪಚಕ್ಕನೆ ಜಜ್ಜಿ, ಕಾರುಗಳ ಸುತ್ತ ಒಂದು ಸುತ್ತು ಹಾಕಿಕೊಂಡು ಬಂದು ನಿಂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಶ್ರೀಕಂಠನ ಸರದಿ.

“ತಳ್ಕೊಂಡು ಹೋದ್ರೆ ಆಗಲ್ವಾ?” ಎಂದು ಮೆಲ್ಲಗೆ ಕೇಳಿದ.

“ಛೆ ಛೆ, ಯಜಮಾನ್ರು ಹತ್ತಿ ಓಡಿಸ್ಬೇಕು” ಎಂದ ಶೇಷಗಿರಿ, ಗಂಟೆ ಆಡಿಸುತ್ತ.

ಜಯರಾಜ್ ಮುಂದೆ ಬಂದು, ಆಶೀರ್ವಾದ ಮಾಡುವವನಂತೆ ಬೆನ್ನ ಮೇಲೆ ಕೈಯಿಟ್ಟು ಒಂದು ದೂಡು ದೂಡಿದ. ಸೈಕಲ್ ಹೊರಟಿತು. ಮುಂದಿನ ಚಕ್ರ ನಿಂಬೆಹಣ್ಣಿನ ಮೇಲೆ ಏರಿತು, ಹಣ್ಣು ಉರುಳಿತು, ಚಕ್ರ ಜಾರಿತು. ಆಗ ಶ್ರೀಕಂಠನ ಮೈ ತನಗೆ ಗೊತ್ತಿದ್ದದ್ದನ್ನು ತಾನೇ ಮಾಡಿತು. ಹಿಂದಕ್ಕೆ ಹಾರಿ, ಎರಡು ಹೆಜ್ಜೆ ಓಡಿ, ಜೇಬಿಗೆ ಕೈ ಹಾಕಿ, ಆಕಾಶ ನೋಡುತ್ತ ನಿಂತಿತು. ಹೂವು ಮುಡಿದ ಸೈಕಲ್ ಒಂಟಿಯಾಗಿ ರಂಗೋಲಿ ದಾಟಿ ಹೋಗಿ, ಶೇಷಗಿರಿಯ ಹೊಸ ಟೊಯೋಟಾದ ಬಾಗಿಲಿಗೆ ಗುದ್ದಿ ಮಲಗಿತು.

ಶೇಷಗಿರಿಯ ಕೈಯಲ್ಲಿ ಗಂಟೆ ತಾನಾಗಿ ನಿಂತಿತು. “ಡ್ಯಾಡ್, ದಟ್ ವಾಸ್ ಸೋ ಕೂಲ್! ಡು ಇಟ್ ಅಗೇನ್!” ಎಂದು ಕೂಗಿದವಳು ವಸುಧಾ ಒಬ್ಬಳೇ.

ಬಂದವರು ಊಟ ಮಾಡಿ ಹೋದ ಮೇಲೆ ಶ್ರೀಕಂಠ ಅಡಿಗೆಮನೆಯ ಬಾಗಿಲಲ್ಲಿ ನಿಂತ.

“ಜಲಜಾ, ನಂಗೆ ಸೈಕಲ್ ಹೊಡೆಯಕ್ಕೆ ಬರಲ್ಲ.”

“ಹೂಂ” ಎಂದಳು ಜಲಜಾ, ಪಾತ್ರೆ ತೊಳೆಯುತ್ತ.

“ಯಾವತ್ತೂ ಬರ್ತಿರ್ಲಿಲ್ಲ. ಪುಟ್ಟಸ್ವಾಮಿ ಹಿಂದೆ ಕೂತ್ಕೊಂಡು ಹೋಗ್ತಿದ್ದೆ. ಚಾಮುಂಡಿ ಬೆಟ್ಟಕ್ಕೆ ಬಸ್ಸಲ್ಲಿ ಹೋಗಿದ್ದೆ.”

“ಬೆಟ್ಟದ್ದು ನೀವು ಸೇರಿಸ್ಬಾರ್ದಿತ್ತು” ಎಂದಳು ಅವಳು. ಕೈ ಒರೆಸಿಕೊಂಡು, “ಇಬ್ಬರು ತುಳಿಯೋ ಸೈಕಲ್ ಇರತ್ತಂತೆ. ಟ್ಯಾಂಡಮ್ಮು. ಅಂಗಡಿಯವನ್ನ ಕೇಳಿಟ್ಟಿದೀನಿ. ಈ ಎರಡನ್ನ ವಾಪಸ್ ಕೊಟ್ರೆ ಅದನ್ನ ಕೊಡ್ತಾನೆ. ನಾನು ಮುಂದೆ, ನೀವು ಹಿಂದೆ” ಎಂದಳು.

ಯಾವಾಗ ಕೇಳಿಟ್ಟಳು ಎಂದು ಅವನು ಯೋಚಿಸಬೇಕಿತ್ತು. ಬದುಕಿದೆಯಾ ಬಡಜೀವವೇ ಎಂಬ ಖುಷಿಯಲ್ಲಿ ಅದು ತಲೆಗೆ ಹೋಗಲಿಲ್ಲ.

ಟ್ಯಾಂಡಮ್ ಮೇಲೆ ಶ್ರೀಕಂಠ ರಾಜನಾದ. ಜಲಜಾ ವಾಲಿದಷ್ಟೇ ವಾಲಿದ, ತಿರುಗಿಸಿದ ಕಡೆ ತಿರುಗಿದ. ತುಳಿಯುವುದೊಂದನ್ನು ಹೊಸದಾಗಿ ಕಲಿಯಬೇಕಾಯಿತು. ಹ್ಯಾಂಡಲ್ಲಿನ ಚಿಂತೆ ಇಲ್ಲದಿದ್ದರೆ ಅದು ಯಾರಿಗೆ ಬರುವುದಿಲ್ಲ? ವಾಲ್ಟರ್ ಬಂದು ನೋಡಿ, ಇಷ್ಟು ಚೆನ್ನಾಗಿ ಹಿಂದೆ ಕೂರುವವನನ್ನು ತಾನು ಕಂಡೇ ಇಲ್ಲ ಎಂದ. ಶ್ರೀಕಂಠ ಮತ್ತೆ ಜಂಬ ಕೊಚ್ಚಲು ಬಾಯಿ ತೆರೆದಿದ್ದ. ಜಲಜಾ ತಿರುಗಿ ನೋಡಿದ್ದರಿಂದ ಮುಚ್ಚಿಕೊಂಡ.

ಪರೀಕ್ಷೆಯ ಭಾನುವಾರ ಬಂತು. ಮಿಕ್ಕವರೆಲ್ಲ ಮುಂದೆ ಹೋಗಿದ್ದರು. ರೆಡ್‌ವುಡ್ ಮರಗಳ ನೆರಳಿನಲ್ಲಿ ಸುತ್ತಿ ಸುತ್ತಿ ಏರುವ ರಸ್ತೆ. ಜಲಜಾ ಮುಂದೆ ಹಲ್ಲು ಕಚ್ಚಿ ತುಳಿಯುತ್ತಿದ್ದಳು. ಅರ್ಧ ಬೆಟ್ಟ ಹತ್ತಿದ ಮೇಲೆ, ತಿರುಗಿ ನೋಡದೆಯೇ, “ರೀ, ನಿಮಗೊಂದು ವಿಷಯ ಹೇಳ್ಬೇಕು. ತುಂಬ ದಿನದಿಂದ ಹೇಳ್ಬೇಕು ಅನ್ಕೊಂಡಿದ್ದೆ” ಎಂದಳು.

“ಏನು?” ಎಂದ ಶ್ರೀಕಂಠ.

ಆಗಲೇ ತಿರುವಿನಲ್ಲಿ ಪೊಲೀಸ್ ಕಾರು ಕಂಡಿತು. ಇಳಿಜಾರಿನಲ್ಲಿ ಹುಚ್ಚಾಪಟ್ಟೆ ಬರುವ ಮೋಟಾರ್‌ಸೈಕಲ್ಲುಗಳನ್ನು ಹಿಡಿಯಲು ಕೌಂಟಿಯ ಪೊಲೀಸಿನವನು ಮರದ ಕೆಳಗೆ ನಿಂತಿದ್ದ. ಅವನಿಗೂ ಇವರಿಗೂ ಏನೇನೂ ಸಂಬಂಧವಿರಲಿಲ್ಲ. ಅದು ಶ್ರೀಕಂಠನ ಬುದ್ಧಿಗೆ ಗೊತ್ತಿತ್ತು. ಆದರೆ ಬುದ್ಧಿಯನ್ನು ಯಾರು ಕೇಳಿದರು? ಒಂದು ಸೈಕಲ್ಲು, ಇಬ್ಬರು ಜನ, ಎದುರಿಗೆ ಟೋಪಿ! ಕಣ್ಣು ಮಿಟುಕಿಸುವಷ್ಟರಲ್ಲಿ ಅವನು ಹಿಂದಿನಿಂದ ಹಾರಿ, ಎರಡು ಹೆಜ್ಜೆ ಓಡಿ, ಜೇಬು ಹುಡುಕಿದ. ಸೈಕಲ್ ಚಡ್ಡಿಗೆ ಜೇಬಿರಲಿಲ್ಲ. ಕೈಗಳನ್ನು ಎಲ್ಲಿಡುವುದೆಂದು ತೋಚದೆ ಬೆನ್ನ ಹಿಂದೆ ಕಟ್ಟಿಕೊಂಡು, ಹೆಲ್ಮೆಟ್ಟು ಹಾಕಿದ ತಲೆಯನ್ನು ಎತ್ತಿ ಮರ ನೋಡುತ್ತ ನಿಂತ.

ಜಲಜಾ ನಿಲ್ಲಲಿಲ್ಲ. ಮಾತಾಡುತ್ತ ಮಾತಾಡುತ್ತ, ಆ ಉದ್ದನೆಯ ಸೈಕಲ್ಲನ್ನು ಒಬ್ಬಳೇ ತುಳಿದುಕೊಂಡು ತಿರುವಿನಾಚೆ ಮರೆಯಾದಳು.

ಪೊಲೀಸಿನವನು ಕಾರಿನಿಂದ ಇಳಿದು ಬಂದು, ಎಲ್ಲ ಸರಿಯಾಗಿದೆಯೇ ಎಂದು ವಿಚಾರಿಸಿದ. ಶ್ರೀಕಂಠ ಟೈಮ್ ಎಷ್ಟು ಎಂದು ಕೇಳಿದ. ಅವನು ಗಡಿಯಾರ ನೋಡಿ ಟೈಮ್ ಹೇಳಿದ. ಆಮೇಲೆ ಶ್ರೀಕಂಠನ ಕೈಯಲ್ಲೇ ಕಟ್ಟಿದ್ದ ಗಡಿಯಾರವನ್ನು ನೋಡಿದ. ಬಿಸಿಲಿಗೆ ತಲೆ ಕೆಟ್ಟಿರಬೇಕೆಂದು ಪಾಪ ಕನಿಕರಪಟ್ಟು, ಹೆಂಡತಿ ಮೇಲೆ ಹೋಗಿದ್ದಾಳೆಂದು ತಿಳಿದು, ನೆರಳಿನಲ್ಲಿ ಕೂರಿಸಿ ನೀರು ಕುಡಿಸಿ, ಬಹಳ ಹೊತ್ತಾದ ಮೇಲೆ ಕಾರಿನಲ್ಲಿ ಹತ್ತಿಸಿಕೊಂಡ.

ಸ್ಕೈಲೈನಿನ ಮೇಲೆ ಜಲಜಾ ಆಗಷ್ಟೇ ತಲುಪಿದ್ದಳು. ಮುಖ ಕೆಂಡದಂತಾಗಿತ್ತು. “ಅದಕ್ಕೇ ರೀ, ಏನಂತೀರಿ?” ಎಂದು ಹಿಂದಕ್ಕೆ ತಿರುಗಿದಳು. ಹಿಂದಿನ ಸೀಟು ಖಾಲಿ. ಗುಂಪಿನವರೆಲ್ಲ ಕಣ್ಣು ಕಣ್ಣು ಬಿಡುತ್ತಿದ್ದಂತೆ ಪೊಲೀಸ್ ಕಾರು ಬಂದು ನಿಂತಿತು. ಅದರ ಹಿಂದಿನ ಸೀಟಿನಿಂದ ಶ್ರೀಕಂಠ ಇಳಿದ.

ವಾಲ್ಟರ್ ನಗಬಾರದೆಂದು ಎಷ್ಟು ತಡೆದರೂ ನಗು ಬಂತು. ಆದರೆ ಕಟ್ಟಳೆ ಕಟ್ಟಳೆಯೇ. ಇಳಿದದ್ದು ಇಳಿದದ್ದೇ. ಜಲಜಾಳ ಮುಖ ನೋಡಿಯೋ ಏನೋ, ಮುಂದಿನ ಭಾನುವಾರ ಇನ್ನೊಂದು ಸಲ, ಅದೇ ಕೊನೆ ಎಂದ.

ಆ ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. “ಏನೋ ಹೇಳ್ತಿದ್ಯಲ್ಲ ಅವತ್ತು, ಏನದು?” ಎಂದು ಶ್ರೀಕಂಠ ಕೇಳಿದರೆ, “ಸೀಟಿಗೆ ಹೇಳ್ದೆ. ಹೋಗಿ ಅದನ್ನೇ ಕೇಳಿ” ಎಂದಳು. ಜಯರಾಜ್ ಫೋನಿನಲ್ಲಿ ಉಪಾಯ ಹೇಳಿದ: “ಪೆಡಲಿಗೆ ಕಾಲು ಕಟ್ಟಿಬಿಡು ಮಾರಾಯ. ಬೆಲ್ಟ್ ಉಂಟಲ್ಲ.” ಜಲಜಾ ಅದಕ್ಕೂ ಒಪ್ಪಲಿಲ್ಲ. “ಕಟ್ಟಿಹಾಕಿ ಕರ್ಕೊಂಡು ಹೋಗೋ ಹಾಗಿದ್ರೆ ನಂಗೆ ಯಾವ ಫ್ರಾನ್ಸೂ ಬೇಡ” ಎಂದುಬಿಟ್ಟಳು. ಅವಳು ಬೇಡ ಎಂದದ್ದು ಅವನಿಗೆ ಬಯ್ಗುಳಕ್ಕಿಂತ ಜೋರಾಗಿ ತಾಕಿತು.

ಶುಕ್ರವಾರ ಅವಳನ್ನು ಕರೆತರಲು ಡೇಕೇರಿಗೆ ಹೋದ. ಬೇಲಿಯಾಚೆ ಮರಳಿನ ಗುಂಡಿಯಲ್ಲಿ ಜಲಜಾ ಮಂಡಿಯೂರಿ ಕೂತಿದ್ದಳು, ಸುತ್ತ ಪುಟ್ಟ ಪುಟ್ಟ ಮಕ್ಕಳು. ಮರಳಿನಲ್ಲಿ ಗುಡ್ಡ ಮಾಡಿದ್ದಳು, ಗುಡ್ಡದ ಸುತ್ತ ಕೋಟೆ, ಒಂದೇ ಬಾಗಿಲು, ನಡುವೆ ಸಂತೆ ಚೌಕ, ಕೆಳಗೆ ನೀರು ಸುರಿದು ನದಿ. ಇಲ್ಲಿ ಬೇಕರಿ ಇರುತ್ತೆ, ಇಲ್ಲಿ ಚರ್ಚಿನ ಗಂಟೆ ಇರುತ್ತೆ, ಎಂದು ಬೆರಳಿನಲ್ಲಿ ತೋರಿಸುತ್ತಿದ್ದಳು. ಒಬ್ಬ ಪೋರ ಬಂದು ಪ್ಲಾಸ್ಟಿಕ್ ಟ್ರಕ್ಕನ್ನು ಸೀದಾ ಕೋಟೆಯ ಮೇಲೆ ಹತ್ತಿಸಿದ. ಜಲಜಾ ಬೇಸರ ಮಾಡಿಕೊಳ್ಳಲಿಲ್ಲ. ಅವನ ಮೂಗು ಒರೆಸಿ, ಮತ್ತೆ ಗೋಡೆ ಕಟ್ಟತೊಡಗಿದಳು. ಶ್ರೀಕಂಠ ಬೇಲಿಯ ಈಚೆ ನಿಂತೇ ಇದ್ದ. ಈ ಹೆಂಗಸು ಇಷ್ಟು ವರ್ಷ ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ತನಗೆ ಹುಳಿ, ಸಾರು ಮಾಡಿ ಬಡಿಸಿದ್ದಾಳೆ, ತಾನು ಒಂದು ದಿನವೂ ಕೇಳಲಿಲ್ಲ ಎನಿಸಿ ಅವನಿಗೆ ಅಳು ಬಂತು. ಕಾರಿನಲ್ಲಿ ಅವಳು ಏನಾಯಿತು ಎಂದಾಗ ಕಣ್ಣಿಗೆ ಮರಳು ಬಿತ್ತು ಎಂದ.

ಭಾನುವಾರ ಮತ್ತೆ ಅದೇ ರಸ್ತೆ. ವಾಲ್ಟರ್ ಈ ಸಲ ಬೆನ್ನ ಹಿಂದೆಯೇ ಬರುತ್ತಿದ್ದ, ನೋಡಬೇಕಲ್ಲ. ಶ್ರೀಕಂಠ ಹ್ಯಾಂಡಲ್ಲನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದ. ಪೊಲೀಸ್ ಇರಬಾರದು ದೇವರೇ ಎಂದು ಬೆಟ್ಟ ಹತ್ತುವ ಭಕ್ತರು ಮೆಟ್ಟಿಲು ಮೆಟ್ಟಿಲಿಗೂ ಬೇಡಿಕೊಳ್ಳುವಂತೆ ಪೆಡಲು ಪೆಡಲಿಗೂ ಬೇಡಿಕೊಂಡ. ದೇವರು ಬೇರೆ ಕೆಲಸದಲ್ಲಿದ್ದನೆಂದು ಕಾಣುತ್ತದೆ. ತಿರುವು ಬಂತು, ಮರ ಬಂತು, ಮರದ ಕೆಳಗೆ ಅದೇ ಕಾರು, ಅದೇ ಟೋಪಿ. ಶ್ರೀಕಂಠನ ಕಾಲು ತಾನಾಗಿಯೇ ಪೆಡಲಿನಿಂದ ಎದ್ದಿತು.

“ರೀ,” ಎಂದಳು ಜಲಜಾ, “ನೀವು ನನ್ನ ನೋಡಕ್ಕೆ ಬಂದ ದಿನ ನಾನು ತಾರಸಿ ಮೇಲಿದ್ದೆ.”

“ಹಾಂ?”

“ಸಂಡಿಗೆ ತೆಗೆಯಕ್ಕೆ ಹೋಗಿದ್ದೆ. ಬೀದಿ ಮೂಲೇಲಿ ಒಬ್ಬ ಸೈಕಲ್ ಕ್ಯಾರಿಯರಿಂದ ಹಿಂದಕ್ಕೆ ಹಾರಿದ. ಸಿಲ್ಕ್ ಜುಬ್ಬ. ಎರಡು ಹೆಜ್ಜೆ ಓಡಿ, ಕ್ರಾಪು ಸರಿ ಮಾಡ್ಕೊಂಡ. ಎಷ್ಟು ಚೆನ್ನಾಗಿ ಇಳಿದ ಅಂತೀರಿ! ನಂಗೆ ನಗು ತಡೆಯಕ್ಕಾಗ್ಲಿಲ್ಲ.” ಅವಳು ಉಸಿರು ತೆಗೆದುಕೊಂಡಳು. “ಕೆಳಗೆ ಬಂದ್ರೆ ಅದೇ ಜುಬ್ಬ ನಮ್ಮನೆ ಹಜಾರದಲ್ಲಿ ಕೂತು ಉಪ್ಪಿಟ್ಟು ತಿಂತಿದೆ.”

“ಅಯ್ಯೋ! ಗೊತ್ತಿದ್ದೂ ಸೈಕಲ್ ಬರತ್ತಾ ಅಂತ ಕೇಳಿದ್ಯಾ?”

“ಏನ್ ಹೇಳ್ತೀರೋ ನೋಡೋಣ ಅಂತ.”

“ಸುಳ್ಳು ಹೇಳಿದ್ನಲ್ಲೇ. ಮತ್ಯಾಕೆ ಒಪ್ಕೊಂಡೆ?”

ಜಲಜಾ ಹ್ಯಾಂಡಲ್ ತಿರುಗಿಸಿ ಇನ್ನೊಂದು ತಿರುವು ದಾಟಿದಳು. “ನನ್ನ ನೋಡಕ್ಕೆ ಬಂದವರೆಲ್ಲ ಸ್ಕೂಟರಲ್ಲಿ ಬರ್ತಿದ್ರು. ಹಿಂದೆ ಕೂತ್ಕೋ ಅನ್ನೋ ಹಾಗೆ. ಇವರಿಗೆ ಹಿಂದೆ ಕೂರೋ ಅಭ್ಯಾಸ ಇದೆ, ಇವರ ಜೊತೆ ಇದ್ರೆ ನಾನು ಮುಂದೆ ಕೂತ್ಕೋಬೋದು ಅನ್ಕೊಂಡೆ. ಅಷ್ಟೇ.” ಏರು ಕಡಿದಾಗಿತ್ತು, ಅವಳ ಮಾತು ತುಂಡು ತುಂಡಾಗಿ ಬಂತು. “ಇಲ್ಲಿಗೆ ಬಂದ್ವಿ. ನಿಮ್ಮ ಕೆಲಸ, ನಿಮ್ಮ ಊರು, ನಿಮ್ಮ ಕಾರು. ಇಷ್ಟು ವರ್ಷ ನಾನೇ ಹಿಂದೆ ಕೂತಿದೀನಿ ರೀ. ಬೇಜಾರಿಲ್ಲ. ನೀವು ಒಳ್ಳೇವ್ರೇ. ಆದ್ರೆ ಒಂದು ಸಲ. ಆ ಹಳ್ಳಿಗಳಿಗೆ ಒಂದು ಸಲ, ನಾನು ಮುಂದೆ ಕೂತು ಹೋಗ್ಬೇಕು.”

ಶ್ರೀಕಂಠ ತಲೆ ಬಗ್ಗಿಸಿಕೊಂಡು ತುಳಿದ. ತೊಡೆ ಉರಿಯಿತು, ಕಣ್ಣಿಗೆ ಬೆವರೋ ಮತ್ತೊಂದೋ ಇಳಿಯಿತು, ತುಳಿದೇ ತುಳಿದ. ಸೈಕಲ್ ಎಷ್ಟು ಜೋರಾಗಿ ಮುಂದಕ್ಕೆ ನುಗ್ಗಿತೆಂದರೆ ಜಲಜಾ, “ನಿಧಾನ ರೀ!” ಎಂದು ಕೂಗಿದಳು. ಹಿಂದಿನಿಂದ ವಾಲ್ಟರ್ ಏನೋ ಹುರಿದುಂಬಿಸುತ್ತಿದ್ದ.

ಎಷ್ಟೋ ಹೊತ್ತಿನ ಮೇಲೆ ಅವನಿಗೆ ನೆನಪಾಯಿತು. “ಜಲಜಾ, ಪೊಲೀಸಿನವನು ಎಲ್ಲಿ?”

“ಅವನು ಆಗ್ಲೇ ಹಿಂದಾಯ್ತು. ಟಾಟಾ ಮಾಡ್ದ. ನಾನೂ ಮಾಡ್ದೆ.”

ಮರಗಳು ಸರಿದು ಬಿಸಿಲು ಬಂತು. ಮೇಲೆ ಸ್ಕೈಲೈನ್ ರಸ್ತೆ ಕಾಣಿಸಿತು, ಕೆಳಗೆ ಒಂದು ಕಡೆ ಇಡೀ ಕೊಲ್ಲಿ, ಇನ್ನೊಂದು ಕಡೆ ಸಮುದ್ರದತ್ತ ಇಳಿಯುವ ಕಣಿವೆಗಳು. ಗುಂಪಿನವರು ರಸ್ತೆ ಬದಿಯಲ್ಲಿ ನಿಂತು ಕೂಗುತ್ತಿದ್ದರು. ಶ್ರೀಕಂಠನ ಕಾಲು ಅಭ್ಯಾಸಬಲದಿಂದ ಮತ್ತೆ ಎದ್ದಿತು. ಅದನ್ನು ಅವನು ಪೆಡಲಿನ ಮೇಲೆ ಒತ್ತಿ ಹಿಡಿದ.

“ಈಗ ಇಳೀಬೋದಾ?” ಎಂದು ಕೇಳಿದ.

“ಇರಿ” ಎಂದಳು ಜಲಜಾ. ಇನ್ನೊಂದಿಷ್ಟು ದೂರ, ಯಾರೂ ಇಲ್ಲದ ಕಡೆಯವರೆಗೆ ತುಳಿದುಕೊಂಡು ಹೋಗಿ, ಬ್ರೇಕು ಹಿಡಿದು, ಎರಡೂ ಕಾಲು ನೆಲಕ್ಕೆ ಊರಿದಳು. ಹಿಂದಕ್ಕೆ ತಿರುಗಿ ಅವನು ಅಲ್ಲೇ ಇದ್ದಾನೆಯೇ ಎಂದು ನೋಡಿದಳು. ಇದ್ದ.

“ಈಗ ಇಳೀರಿ” ಎಂದಳು. ಸೈಕಲ್ ಪೂರ್ತಿ ನಿಂತ ಮೇಲೆ ಇಳಿಯುವುದು ಹೇಗೆಂದು ಶ್ರೀಕಂಠನಿಗೆ ಗೊತ್ತಿರಲಿಲ್ಲ. ಪಕ್ಕಕ್ಕೆ ವಾಲಿ ಧೊಪ್ಪನೆ ಹುಲ್ಲಿನ ಮೇಲೆ ಬಿದ್ದ.